ಎಳೆಯ ಮರಕ್ಕೆ ಕತ್ತರಿ

ಡಿಸೆಂಬರ್ ತಿಂಗಳು ಬಂದಿತೆಂದರೆ ನಮ್ಮ ದೊಡ್ಡ ಪಟ್ಟಣಗಳ ಸಸ್ಯದ ಅಂಗಡಿಗಳ ಮುಂದೆ ಕುಂಡಗಳಲ್ಲಿ ಬೆಳೆಸಿದ ಪುಟ್ಟ ಅರೋಕೇರಿಯಾ ಗಿಡಗಳು ಸಾಲಾಗಿ ನಿಲ್ಲುವುದನ್ನು ಶ್ರೋತೃಗಳು ನೋಡಿರಬಹುದು. ಬುಡದಲ್ಲಿ ಅಗಲವಾಗಿ, ಮೇಲಮೇಲಕ್ಕೆ ಕಿರಿದಾಗುತ್ತ, ಕೊನೆಗೆ ಒಂದೇ ಕುಡಿಯಲ್ಲಿ ಮುಗಿಯುವ ಅವುಗಳ ಆಕಾರವು ದೇವಾಲಯದ ಗೋಪುರವನ್ನು ನೆನಪಿಗೆ ತರುತ್ತದೆ. ಕ್ರೈಸ್ತ ಬಂಧುಗಳು ಇವನ್ನು ಮನೆಗೊಯ್ದು ಕ್ರಿಸ್‌ಮಸ್ ಹಬ್ಬಕ್ಕೆ ದೀಪಗಳಿಂದಲೂ ನಕ್ಷತ್ರಗಳಿಂದಲೂ ಅಲಂಕರಿಸುವರು. ಪಶ್ಚಿಮ ದೇಶಗಳಲ್ಲಿ ಈ ಹಬ್ಬಕ್ಕೆ ತರುವುದು ಫರ್, ಸ್ಪ್ರೂಸ್, ಪೈನ್ ಎಂಬ ಸೂಜಿಯೆಲೆಯ ಮರಗಳನ್ನು. ಇವುಗಳಲ್ಲಿ ಹೆಚ್ಚಿನವು ಶೀತಪ್ರದೇಶದವು. ನಮ್ಮ ಬಯಲುಸೀಮೆಯ ಬಿಸಿಲನ್ನು ತಾಳಲಾರವು. ಆದರೆ ಎಳೆಯ ಗಿಡಕ್ಕೆ ಕತ್ತರಿಯಿಂದ ಆಕಾರ ಕೊಡುವ ಅವರ ವಿದ್ಯೆಯಲ್ಲಿ ನಮ್ಮ ಹೊಲಗಳಿಗೂ ಅಂಗಳಗಳಿಗೂ ಸಲ್ಲುವ ಸಂಗತಿಗಳುಂಟು. ಆದಕಾರಣ ಈ ಭಾಷಣವನ್ನು ಆ ಮರಗಳಿಂದ ಆರಂಭಿಸಿ, ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹೊಲದ ಬದುಗಳವರೆಗೆ ಶ್ರೋತೃಗಳನ್ನು ಕರೆದೊಯ್ಯಬೇಕೆಂದಿದ್ದೇವೆ.

ಕ್ರಿಸ್‌ಮಸ್ ಮರವು ತಾನಾಗಿಯೇ ಅಷ್ಟು ಅಂದವಾಗಿ ಬೆಳೆಯುತ್ತದೆಯೆಂದು ಅನೇಕರು ಭಾವಿಸುವರು. ಇದು ಅರ್ಧ ಮಾತ್ರ ನಿಜ. ಗೋಪುರದ ಆಕಾರವು ಅದರ ಸ್ವಭಾವದಲ್ಲಿಯೇ ಇದೆ. ಆದರೆ ಯಾರೂ ಕೈಹಾಕದೆ ಬಿಟ್ಟರೆ ಗಿಡವು ವರ್ಷಕ್ಕೆ ಒಂದೆರಡು ಅಡಿ ಮೇಲಕ್ಕೆ ನೆಗೆದು, ಕೊಂಬೆಯ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಬರಿಯ ಕಾಂಡವು ಕಾಣುವಂತಾಗುವುದು. ಅಮೆರಿಕದ ಬೆಳೆಗಾರರಿಗೆ ಆಳೆತ್ತರದ ಒಂದು ಮರವನ್ನು ಮಾರಾಟಕ್ಕೆ ಸಿದ್ಧಪಡಿಸಲು ಆರರಿಂದ ಹತ್ತು ವರ್ಷಗಳು ಬೇಕು. ನೆಟ್ಟ ಎರಡನೆಯ ಅಥವಾ ಮೂರನೆಯ ವರ್ಷದಿಂದ ಮೊದಲುಗೊಂಡು ಪ್ರತಿ ವರ್ಷವೂ ಅವರು ಪ್ರತಿಯೊಂದು ಗಿಡದ ಮುಂದೆಯೂ ನಿಂತು ಮೂರು ಕೆಲಸಗಳನ್ನು ಮಾಡುವರು. ಮೊದಲನೆಯದು, ತುದಿಯಲ್ಲಿ ಎರಡು ಕುಡಿಗಳು ಪೈಪೋಟಿಯಿಂದ ಏಳುತ್ತಿದ್ದರೆ ನೆಟ್ಟಗಿರುವ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯುವುದು. ಎರಡನೆಯದು, ಉಳಿಸಿದ ಕುಡಿಯು ಅತಿಯಾಗಿ ಉದ್ದವಾಗಿದ್ದರೆ ಅದನ್ನು ಸುಮಾರು ಒಂದು ಅಡಿಗೆ ಕತ್ತರಿಸುವುದು. ಮೂರನೆಯದು, ನೀಳವಾದ ಕತ್ತಿಯನ್ನು ಮೇಲಿನಿಂದ ಕೆಳಕ್ಕೆ ಬೀಸಿ ಪಕ್ಕದ ಕೊಂಬೆಗಳ ತುದಿಗಳನ್ನು ಓರೆಯಾಗಿ ಸವರುವುದು. ಮರದ ಅಗಲವು ಎತ್ತರದ ಮೂರರಲ್ಲಿ ಎರಡು ಪಾಲಿನಷ್ಟಿದ್ದರೆ ಚೆಲುವೆಂಬುದು ಅವರಲ್ಲಿ ರೂಢಿಯಾದ ಅಳತೆ.

ಇದರಲ್ಲಿ ಕಾಲಜ್ಞಾನವೇ ಮುಖ್ಯವಾದದ್ದು. ಪೈನ್ ಮರದ ಹೊಸ ಚಿಗುರಿನಲ್ಲಿ ಮೊಗ್ಗುಗಳಿರುವುದು ತುದಿಯಲ್ಲಿ ಮಾತ್ರ. ಬೇಸಗೆಯ ಆರಂಭದಲ್ಲಿ ಚಿಗುರು ಇನ್ನೂ ಮೆತ್ತಗಿರುವಾಗ ಕತ್ತರಿಸಿದರೆ, ಗಾಯದ ಕೆಳಗೆ ಹೊಸ ಮೊಗ್ಗುಗಳು ಮೂಡಿ ಮರುವರ್ಷ ಗಿಡವು ಒತ್ತಾಗುವುದು. ಚಿಗುರು ಬಲಿತ ಮೇಲೆ ಕತ್ತರಿಸಿದರೆ ಆ ರೆಂಬೆಯು ಮೊಂಡಾಗಿಯೇ ಉಳಿದು ಒಣಗುವುದು. ಫರ್ ಮತ್ತು ಸ್ಪ್ರೂಸ್ ಮರಗಳಲ್ಲಾದರೋ ಚಿಗುರಿನ ಉದ್ದಕ್ಕೂ ಮೊಗ್ಗುಗಳಿರುವುದರಿಂದ ಅವನ್ನು ತಡವಾಗಿ, ಚಳಿಗಾಲದಲ್ಲಿ ಸಹ, ಕತ್ತರಿಸಬಹುದು. ಒಂದೇ ತೋಟದಲ್ಲಿ, ಒಂದೇ ಕತ್ತಿಯಿಂದ, ಒಂದು ಜಾತಿಗೆ ಹಿತವಾದುದು ಇನ್ನೊಂದಕ್ಕೆ ಕೇಡಾಗುವುದು. ನಮ್ಮ ಅರೋಕೇರಿಯಾ ಇನ್ನೂ ಬಿಗಿಯಾದ ಸ್ವಭಾವದ್ದು. ಅದರ ಪಕ್ಕದ ಕೊಂಬೆಯನ್ನು ಕತ್ತರಿಸಿ ನೆಟ್ಟರೆ, ಅದು ಬೇರುಬಿಟ್ಟರೂ ನೆಟ್ಟಗೆ ಏಳದೆ ಅಡ್ಡಕ್ಕೇ ಬೆಳೆಯುತ್ತ ಹೋಗುವುದು. ಕುಂಡದಲ್ಲಿ ಇದನ್ನು ಸಾಕುವವರು ತುದಿಯ ಕುಡಿಯನ್ನು ಎಂದಿಗೂ ಚಿವುಟಕೂಡದು.

ಹೀಗಾಗುವುದಕ್ಕೆ ಕಾರಣವೇನು? ಸಸ್ಯದ ತುದಿಮೊಗ್ಗು ತನ್ನ ಕೆಳಗಿನ ಮೊಗ್ಗುಗಳನ್ನು ಅಂಕೆಯಲ್ಲಿ ಇಟ್ಟುಕೊಂಡಿರುತ್ತದೆ. ತುದಿಯಲ್ಲಿ ಉತ್ಪತ್ತಿಯಾಗಿ ಕೆಳಕ್ಕೆ ಹರಿಯುವ ಆಕ್ಸಿನ್ ಎಂಬ ರಸವೇ ಈ ಅಂಕೆಯ ಸಾಧನವೆಂಬುದನ್ನು 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಅವರು ಬೀನ್ಸ್ ಜಾತಿಯ ಗಿಡದ ತುದಿಯನ್ನು ಕತ್ತರಿಸಿ, ಗಾಯಕ್ಕೆ ಆಕ್ಸಿನ್ ಹಚ್ಚಿದಾಗ, ತುದಿಯು ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ. ಈಚಿನ ಸಂಶೋಧನೆಗಳಿಂದ ಇನ್ನೊಂದು ಸಂಗತಿಯೂ ತಿಳಿದುಬಂದಿದೆ. ಎಲೆಗಳಲ್ಲಿ ತಯಾರಾದ ಸಕ್ಕರೆಯನ್ನು ಬೆಳೆಯುತ್ತಿರುವ ತುದಿಯು ತನ್ನೆಡೆಗೆ ಸೆಳೆದುಕೊಳ್ಳುವುದು. ತುದಿ ಹೋದೊಡನೆ ಆ ಸಕ್ಕರೆಯು ಪಕ್ಕದ ಮೊಗ್ಗುಗಳಿಗೆ ದೊರೆತು ಅವು ಎಚ್ಚರಗೊಳ್ಳುವುವು. ಹೀಗಿರಲಾಗಿ, ಒಂದು ಕುಡಿಯನ್ನು ಕತ್ತರಿಸುವುದೆಂದರೆ ಕೆಳಗೆ ಮಲಗಿರುವ ಹಲವು ಮೊಗ್ಗುಗಳಿಗೆ ಏಳಿರೆಂದು ಅಪ್ಪಣೆ ಕೊಟ್ಟಂತೆ. ಅಪ್ಪಣೆ ಕೊಡುವವನಿಗೆ ತನಗೇನು ಬೇಕೆಂಬುದು ಮೊದಲೇ ಗೊತ್ತಿರಬೇಕು.

ಗಾಯದ ಮಾತನ್ನೂ ಇಲ್ಲಿಯೇ ಹೇಳಿಬಿಡುವೆವು. ನಮ್ಮ ಮೈಯ ಗಾಯವು ಮಾಯುವಂತೆ ಮರದ ಗಾಯವು ಮಾಯುವುದಿಲ್ಲ. ಗಾಯಗೊಂಡ ಭಾಗದ ಸುತ್ತಲೂ ಮರವು ಒಳಗೊಳಗೇ ಗೋಡೆ ಕಟ್ಟಿ, ಕೊಳೆತವು ಹರಡದಂತೆ ಅದನ್ನು ಬೇರ್ಪಡಿಸಿ, ಮೇಲೆ ಹೊಸ ತೊಗಟೆಯನ್ನು ಹೊದಿಸುವುದು. ಅಮೆರಿಕದ ಅರಣ್ಯವಿಜ್ಞಾನಿ ಅಲೆಕ್ಸ್ ಶೈಗೋ ಅವರು ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ವಿಶದಪಡಿಸಿದರು. ಕೊಂಬೆಯು ಕಾಂಡವನ್ನು ಸೇರುವೆಡೆಯಲ್ಲಿ ಬಳೆಯಂತೆ ಉಬ್ಬಿದ ಭಾಗವೊಂದಿರುವುದು. ಅದನ್ನು ಕಾಂಡಕ್ಕೇ ಬಿಟ್ಟು ಅದರ ಹೊರಗೆ ಕತ್ತರಿಸಬೇಕು. ಕಾಂಡಕ್ಕೆ ಸಮವಾಗಿ ಕೆತ್ತಿದರೆ ಆ ಗೋಡೆಯನ್ನೇ ಕೆಡವಿದಂತಾಗುವುದು. ಗೇಣುದ್ದ ಮೋಟು ಬಿಟ್ಟರೆ ಅದು ಕೊಳೆತು ಒಳಕ್ಕೆ ದಾರಿಮಾಡುವುದು. ಗಾಯಕ್ಕೆ ಡಾಂಬರು ಬಳಿಯುವ ಹಳೆಯ ಪದ್ಧತಿಯಿಂದ ಪ್ರಯೋಜನವಿಲ್ಲವೆಂಬುದೂ ಈಗ ತಿಳಿದಿದೆ. ಬೆರಳುಗಾತ್ರದ ರೆಂಬೆಯ ಗಾಯವನ್ನು ಎಳೆಯ ಮರವು ಬಹುಬೇಗ ಮುಚ್ಚಿಕೊಳ್ಳುವುದು. ಅದೇ ರೆಂಬೆಯು ತೊಡೆಗಾತ್ರವಾದ ಮೇಲೆ ಕಡಿದರೆ ಆ ಗಾಯವು ಮರದ ಆಯುಷ್ಯವನ್ನೇ ತಿನ್ನಬಹುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಹೇಳಿದ ಗಾದೆಗೆ ಇದಕ್ಕಿಂತ ಸಾಕ್ಷಾತ್ತಾದ ಅರ್ಥವು ಬೇಕಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಮೇಲೆ ಹೇಳಿದ ನಾಲ್ಕು ಊರುಗಳನ್ನು ನಾವು ಆರಿಸಿಕೊಂಡುದಕ್ಕೆ ಕಾರಣವುಂಟು. ಪಶ್ಚಿಮದ ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಗಳನ್ನು ದಾಟಿ ರಾಮದುರ್ಗಕ್ಕೆ ಹೋಗುತ್ತಿದ್ದಂತೆ ಮಳೆಯು ಕಡಮೆಯಾಗುವುದು, ಮಣ್ಣು ಬೇರೆಯಾಗುವುದು, ಅದರೊಡನೆ ಮರಗಳೂ ಅವುಗಳಿಂದ ಜನರು ಬಯಸುವ ಫಲವೂ ಬೇರೆಯಾಗುವುವು. ಹೀಗಾಗಿ ಕತ್ತರಿಯ ಕೆಲಸವನ್ನು ಅದರ ನಾಲ್ಕು ಬಗೆಗಳಲ್ಲಿ ಈ ಒಂದೇ ದಾರಿಯಲ್ಲಿ ನೋಡಬಹುದು. ಆ ಕಡೆಯವರು ಇದಕ್ಕೆ ಚಾಟಣಿ ಎನ್ನುವರು.

ಕಿತ್ತೂರಿನ ಸುತ್ತಿನ ಮಸಾರಿ ಭೂಮಿಗೆ ಮಾವು ಒಗ್ಗಿದೆ. ಪಕ್ಕದ ಧಾರವಾಡದ ಆಪೂಸು ಹಣ್ಣಿನ ಹೆಸರನ್ನು ಕೇಳದವರಿಲ್ಲ. ಮಾವಿನ ಗಿಡಕ್ಕೆ ಗೋಪುರದ ಆಕಾರವು ಬೇಡ. ಹಣ್ಣು ಕೈಗೆಟುಕಬೇಕು, ಒಳಗಣ ಕೊಂಬೆಗೂ ಬಿಸಿಲು ಬೀಳಬೇಕು. ಆದ್ದರಿಂದ ನೆಟ್ಟ ಗಿಡವು ಸೊಂಟದೆತ್ತರಕ್ಕೆ ಬಂದಾಗ, ನೆಲದಿಂದ ಸುಮಾರು ಎರಡೂವರೆ ಅಡಿಯ ಮೇಲೆ ತುದಿಯನ್ನು ಕತ್ತರಿಸಿ, ಅನಂತರ ಹೊರಡುವ ಚಿಗುರುಗಳಲ್ಲಿ ಬೇರೆಬೇರೆ ದಿಕ್ಕಿಗೆ ಮುಖಮಾಡಿದ ಮೂರು ನಾಲ್ಕನ್ನು ಮಾತ್ರ ಉಳಿಸಿಕೊಳ್ಳುವರು. ಇವು ಕಾಂಡದ ಒಂದೇ ಬಿಂದುವಿನಿಂದ ಹೊರಡದೆ ಮೇಲೆ ಕೆಳಗೆ ಅಂತರವಾಗಿದ್ದರೆ ಮುಂದೆ ಫಲದ ಭಾರಕ್ಕೆ ಸೀಳುವುದಿಲ್ಲ. ಮೊದಲ ಮೂರು ವರ್ಷಗಳ ಹೂವನ್ನು ಚಿವುಟುವುದೂ ಉಂಟು. ಫಲಕ್ಕೆ ಬಂದ ಮರವನ್ನು ಸವರುವುದಾದರೆ ಹಣ್ಣು ಕಿತ್ತ ಕೂಡಲೆ, ಮುಂಗಾರಿನ ಹೊತ್ತಿಗೆ ಸವರಬೇಕು. ಬಲಿತ ರೆಂಬೆಯ ತುದಿಯಲ್ಲಿಯೇ ಮಾವು ಹೂ ಬಿಡುವುದಾದ್ದರಿಂದ, ದೀಪಾವಳಿಯ ವೇಳೆಗೆ ಕತ್ತರಿ ಹಾಕಿದವನು ಆ ವರ್ಷದ ಹೂವನ್ನೇ ಕತ್ತರಿಸಿದಂತೆ.

ಈ ಸಂದರ್ಭದಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ನಮ್ಮ ಮನೆಯಂಗಳದಲ್ಲಿ ಒಮ್ಮೆ ಒಂದು ಕಸಿಮಾವಿನ ಸಸಿಯನ್ನು ನೆಟ್ಟೆವು. ಎರಡನೆಯ ವರ್ಷ ಕಸಿಯ ಗಂಟಿನ ಕೆಳಗಿನಿಂದ ಒಂದು ಚಿಗುರು ಬಲು ಹುರುಪಿನಿಂದ ಎದ್ದಿತು. ಗಿಡವು ಚೆನ್ನಾಗಿ ಹತ್ತಿಕೊಂಡಿತೆಂದು ನಾವು ಹಿಗ್ಗಿದೆವೇ ಹೊರತು ಅದನ್ನು ಮುರಿಯಲಿಲ್ಲ. ಆ ಚಿಗುರು ಎತ್ತರವಾದಂತೆ ಮೇಲಿನ ಕಸಿಯು ಸೊರಗಿ ಒಣಗಿತು. ಕೆಲವು ವರ್ಷಗಳ ಮೇಲೆ ಕೈಗೆ ಬಂದುದು ಉಪ್ಪಿನಕಾಯಿಗೆ ಮಾತ್ರ ಆಗುವ ಹುಳಿಮಾವು. ಉಗುರಿನಿಂದ ಚಿವುಟಬಹುದಾಗಿದ್ದ ಒಂದು ಕುಡಿಗೆ ನಾವು ಇಷ್ಟು ವರ್ಷಗಳ ನೀರನ್ನೂ ಗೊಬ್ಬರವನ್ನೂ ತೆತ್ತೆವು.

ಕಿತ್ತೂರಿನ ರಾಣಿ ಚೆನ್ನಮ್ಮನ ಸಮಾಧಿಯಿರುವ ಬೈಲಹೊಂಗಲಕ್ಕೆ ಬಂದರೆ ಕಣ್ಣಿಗೆ ಬೀಳುವುದು ವಿಶಾಲವಾದ ಎರೆಭೂಮಿ. ಹತ್ತಿ, ಜೋಳ, ಗೋಧಿ, ಕಡಲೆಗಳ ಸೀಮೆ. ಇಲ್ಲಿಯ ಬದುಗಳ ಮೇಲೆ ನಿಂತಿರುವ ಮುಖ್ಯವಾದ ಮರವು ಕರಿಜಾಲಿ. ರಂಟೆ, ಕುಂಟೆ, ಕೂರಿಗೆಗಳಿಗೂ ಚಕ್ಕಡಿಯ ಗಾಲಿಗೂ ಇದರ ಗಟ್ಟಿಯಾದ ಕಟ್ಟಿಗೆಯೇ ಬಹುಕಾಲ ಒದಗಿತು. ಇದರ ಕಾಯನ್ನು ಆಡು ಕುರಿಗಳು ಆಸೆಯಿಂದ ತಿನ್ನುವುವು. ಆದರೆ ಜಾಲಿಯು ಬುಡದಿಂದಲೇ ಅಡ್ಡಡ್ಡ ಕವಲೊಡೆಯುವ ಗಿಡ. ಬಿಟ್ಟಂತೆ ಬಿಟ್ಟರೆ ಕಟ್ಟಿಗೆಯು ಸೊಟ್ಟಗಾಗುವುದು. ಅಲ್ಲದೆ ನೆರಳು ಬಿದ್ದಷ್ಟು ದೂರ ಜೋಳವು ಸೊರಗುವುದು. ಆದಕಾರಣ ಇಲ್ಲಿ ಕತ್ತರಿಯ ಗುರಿಯು ನೇರವಾದ ಬೊಡ್ಡೆ. ಮಳೆಗಾಲಕ್ಕೆ ಮುಂಚೆ, ಒಣ ಹವೆಯಲ್ಲಿ, ಕೆಳಗಿನ ರೆಂಬೆಗಳು ಇನ್ನೂ ಸಣ್ಣವಾಗಿರುವಾಗಲೇ ವರ್ಷಕ್ಕೆ ಕೆಲವನ್ನು ತೆಗೆಯುತ್ತ, ಹೂಡಿದ ಎತ್ತುಗಳು ಕೆಳಗೆ ಸುಳಿಯುವಷ್ಟು ಎತ್ತರಕ್ಕೆ ಕಾಂಡವನ್ನು ಬರಿದುಮಾಡಬೇಕು. ತೆಗೆದ ಮುಳ್ಳುರೆಂಬೆಗಳು ಬೇಲಿಗಾಗುವುದರಿಂದ ಯಾವುದೂ ವ್ಯರ್ಥವಲ್ಲ. ತುದಿಯನ್ನು ಮಾತ್ರ ಮುಟ್ಟಕೂಡದು. ಬೊಡ್ಡೆ ಕಡಿದರೆ ಮತ್ತೆ ಚಿಗುರುವ ಶಕ್ತಿಯು ಜಾಲಿಗೆ ಕಡಮೆ. ಜಾಲಿಯಲ್ಲಿಯೇ ಕೊಂಬೆಗಳನ್ನು ಮೈಗೆ ಒತ್ತಿಕೊಂಡು ಕಂಬದಂತೆ ಬೆಳೆಯುವ ಒಂದು ಬಗೆಯುಂಟು. ನೆರೆಯ ಮಹಾರಾಷ್ಟ್ರದಲ್ಲಿ ಅದನ್ನು ರಾಮಕಾಠಿ ಎಂದು ಕರೆಯುವರು. ಅದರ ನೆರಳು ಬೆಳೆಗೆ ಅಷ್ಟಾಗಿ ಬಾಧಿಸದೆಂದು ರೈತರಿಗೆ ಅದು ಮೆಚ್ಚು. ಕ್ರಿಸ್‌ಮಸ್ ಮರದ ಬೆಳೆಗಾರನು ಕತ್ತಿಯಿಂದ ಸಾಧಿಸುವ ಅಚ್ಚುಕಟ್ಟನ್ನು ಈ ಮುಳ್ಳುಮರವು ಹುಟ್ಟಿನಿಂದಲೇ ಪಡೆದುಬಂದಿದೆ.

ಸವದತ್ತಿಯ ಮಾತು ಬೇರೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಆದಮೇಲೆ, 1970ರ ದಶಕದಿಂದ ಕಾಲುವೆಯ ನೀರು ಸುತ್ತಣ ಸೀಮೆಯ ಒಂದು ಭಾಗಕ್ಕೆ ದೊರೆತಿದ್ದರೂ, ಮಳೆಯನ್ನೇ ನಂಬಿದ ಹೊಲಗಳು ಬಹಳ ಇವೆ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡಕ್ಕೆ ಸೇರುವ ಲಕ್ಷಾಂತರ ಯಾತ್ರಿಕರಿಗೆ ದಾರಿಯಲ್ಲಿ ಬೇಕಾಗುವುದು ನೆರಳು. ಆ ನೆರಳಿಗೆ ಬೇವಿಗಿಂತ ಉತ್ತಮವಾದ ಮರವಿಲ್ಲ. ಆದರೆ ಬೇಸಗೆಯಲ್ಲಿ ಹುಲ್ಲು ಒಣಗಿದಾಗ ಆಡುಗಳಿಗೆ ಬೇವಿನ ಸೊಪ್ಪೇ ಆಧಾರವಾಗುವುದು. ಆಗ ನೀಳವಾದ ಗಳುವಿನ ತುದಿಗೆ ಕುಡುಗೋಲು ಕಟ್ಟಿ ಕೈಗೆ ಸಿಕ್ಕಷ್ಟನ್ನು ಎಳೆದು ಕೆಡವುವರು. ಇದನ್ನು ತಪ್ಪೆನ್ನುವುದು ಸುಲಭ. ಆಡು ಸಾಕಿದ ಬಡವನಿಗೆ ಆ ಸೊಪ್ಪು ಹಾಲಿನ ಪ್ರಶ್ನೆ. ಬೇವು ಸಹನಶೀಲವಾದ ಮರ, ಕಡಿದಷ್ಟೂ ಚಿಗುರುವುದು. ಹಾಗೆಂದು ಮಿತಿಯಿಲ್ಲದೆ ಕಡಿದರೆ ಎಳೆಯ ಬೇವು ಕುಬ್ಜವಾಗಿ, ಪೊದೆಯಾಗಿ, ನೆರಳಿಗೂ ಬಾರದೆ ಸೊಪ್ಪಿಗೂ ಸಾಲದೆ ಹೋಗುವುದು. ಎಳೆಯ ಗಿಡವನ್ನು ಆಳೆತ್ತರ ಮೀರುವ ತನಕ ಮುಳ್ಳು ಕಟ್ಟಿ ಕಾಯುವುದು, ತುದಿಯ ಕುಡಿಯನ್ನು ಬಿಟ್ಟು ಕೆಳಗಿನ ರೆಂಬೆಗಳಿಂದ ಮಾತ್ರ ಸೊಪ್ಪು ತೆಗೆಯುವುದು, ಒಂದು ವರ್ಷದಲ್ಲಿ ಹಸುರಿನ ಮೂರರಲ್ಲಿ ಒಂದು ಪಾಲನ್ನು ಮೀರದಿರುವುದು, ಒಂದು ಮರಕ್ಕೆ ಕೈಹಚ್ಚಿದ ಮರುವರ್ಷ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು: ಇಷ್ಟನ್ನು ಪಾಲಿಸಿದರೆ ನೆರಳೂ ಹಾಲೂ ಒಂದೇ ಮರದಿಂದ ದೊರೆಯುವುವು.

ಕೊನೆಯದಾಗಿ ರಾಮದುರ್ಗ. 1948ರವರೆಗೆ ಇದೊಂದು ಚಿಕ್ಕ ಸಂಸ್ಥಾನದ ರಾಜಧಾನಿಯಾಗಿತ್ತು. ಈ ತಾಲ್ಲೂಕಿನ ಸುರೇಬಾನದ ಸಮೀಪದಲ್ಲಿ ಶಬರಿಕೊಳ್ಳವೆಂಬ ಕ್ಷೇತ್ರವುಂಟು. ಶಬರಿಯು ರಾಮನ ದಾರಿಯನ್ನು ಕಾಯುತ್ತಿದ್ದುದು ಅಲ್ಲಿಯೇ ಎಂದು ಆ ಕಡೆಯ ಜನರ ನಂಬಿಕೆ. ಅವಳು ರುಚಿ ನೋಡಿ ರಾಮನಿಗೆ ಕೊಟ್ಟಳೆಂದು ಜನರು ಹೇಳುವ ಹಣ್ಣು ಬೋರೆ. ಹಳೆಯ ಮೈಸೂರಿನವರು ಎಲಚಿ ಎನ್ನುವುದೂ ಇದನ್ನೇ. ಸಂಕ್ರಾಂತಿಯಲ್ಲಿ ಮಕ್ಕಳ ತಲೆಯ ಮೇಲೆ ಈ ಹಣ್ಣನ್ನು ಎರೆಯುವ ಸಂಪ್ರದಾಯವು ಎರಡು ಕಡೆಗಳಲ್ಲಿಯೂ ಉಂಟು. ಮಳೆ ಕಡಮೆಯಾದ, ಕಲ್ಲು ಮಿಶ್ರವಾದ ನೆಲದಲ್ಲಿಯೂ ಫಲ ಕೊಡುವ ಮರಗಳಲ್ಲಿ ಬೋರೆಯು ಅಗ್ರಗಣ್ಯವೆನ್ನಬಹುದು. ಕಾಡುಬೋರೆಯ ಬುಡಕ್ಕೆ ಉಮ್ರಾನ್‌ನಂಥ ಒಳ್ಳೆಯ ತಳಿಯ ಕಣ್ಣನ್ನು ಕಸಿಮಾಡಿ, ಎರಡಡಿಯವರೆಗೆ ಬೊಡ್ಡೆಯನ್ನು ಬರಿದಾಗಿ ಇಟ್ಟು, ಮೂರು ನಾಲ್ಕು ಕೊಂಬೆಗಳ ಚೌಕಟ್ಟನ್ನು ಕಟ್ಟಿದರೆ ಗಿಡವು ಸಿದ್ಧವಾಯಿತು.

ಆದರೆ ಬೋರೆಗೆ ಕತ್ತರಿಯು ಎಳವೆಯಲ್ಲಿ ಮಾತ್ರ ಸಾಲದು, ಪ್ರತಿ ವರ್ಷವೂ ಬೇಕು. ಏಕೆಂದರೆ ಇದು ಹೂ ಬಿಡುವುದು ಆಯಾ ವರ್ಷದ ಹೊಸ ರೆಂಬೆಯ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಎಲೆ ಉದುರಿಸಿ ಮರವು ಮಲಗಿದಾಗ, ಕಳೆದ ವರ್ಷದ ರೆಂಬೆಗಳನ್ನು ಸುಮಾರು ಅರ್ಧಕ್ಕೆ ಕತ್ತರಿಸಿ, ಒಂದನ್ನೊಂದು ಉಜ್ಜುವ, ನೆಲಕ್ಕೆ ಜೋಲುವ, ರೋಗ ತಗುಲಿದ ರೆಂಬೆಗಳನ್ನು ಪೂರ್ತಿಯಾಗಿ ತೆಗೆಯಬೇಕು. ಮಳೆ ಬೀಳುತ್ತಲೇ ಹೊಸ ರೆಂಬೆಗಳು ಎದ್ದು, ಮಳೆಗಾಲದಲ್ಲಿ ಹೂ ಬಿಟ್ಟು, ಚಳಿಗಾಲದಲ್ಲಿ ದಪ್ಪನಾದ ಹಣ್ಣು ಕೊಡುವುವು. ಕರುಣೆಯಿಂದ ಕತ್ತರಿ ಹಾಕದೆ ಬಿಟ್ಟ ಬೋರೆಯು ಮುಳ್ಳಿನ ಗವಿಯಾಗಿ, ಹಣ್ಣು ಬೀಜಕ್ಕೆ ಅಂಟಿದ ತೊಗಲಿನಷ್ಟಾಗುವುದು. ಜಾಲಿಯ ತುದಿಯನ್ನು ಒಮ್ಮೆ ಕತ್ತರಿಸಿದರೂ ನಷ್ಟ. ಬೋರೆಯನ್ನು ಒಂದು ವರ್ಷ ಕತ್ತರಿಸದಿದ್ದರೂ ನಷ್ಟ. ಒಂದೇ ದಿನದ ಪ್ರಯಾಣದಲ್ಲಿ ಈ ಎರಡನ್ನೂ ನೋಡಬಹುದಾದ ಸೀಮೆಯಿದು.

ಪಟ್ಟಣವಾಸಿಗಳಾದ ಶ್ರೋತೃಗಳು ಇದೆಲ್ಲ ಹೊಲವುಳ್ಳವರ ಮಾತೆಂದು ತಿಳಿಯಬಾರದು. ನಮ್ಮ ಬೀದಿಗಳಲ್ಲಿ ವಿದ್ಯುತ್ ತಂತಿಯ ಕೆಳಗೆ ದೊಡ್ಡ ಜಾತಿಯ ಮರಗಳನ್ನು ನೆಟ್ಟು, ಹತ್ತು ವರ್ಷ ಅವುಗಳ ಕಡೆಗೆ ನೋಡದೆ, ತಂತಿಗೆ ತಾಗಿದ ಮೇಲೆ ಒಂದು ದಿನ ತಲೆಯನ್ನೇ ಹಾರಿಸಿಬಿಡುವುದನ್ನು ಕಾಣುತ್ತೇವೆ. ಹಾಗೆ ಮೊಂಡು ಮಾಡಿದ ಕಡೆಯಿಂದ ಏಳುವ ಚಿಗುರುಗಳು ತೊಗಟೆಯ ಅಡಿಯ ಮೊಗ್ಗುಗಳಿಂದ ಹುಟ್ಟಿದವು. ಕಟ್ಟಿಗೆಯ ಒಳಗೆ ಅವುಗಳಿಗೆ ಆಳವಾದ ಹಿಡಿತವಿಲ್ಲ. ಒಳಗೆ ಕೊಳೆತವೂ ಇಳಿಯುತ್ತಿರುವುದು. ಏಪ್ರಿಲ್ ಮೇ ತಿಂಗಳ ಬಿರುಗಾಳಿಗೆ ದಾರಿಹೋಕರ ಮೇಲೆ ಮುರಿದು ಬೀಳುವ ಕೊಂಬೆಗಳಲ್ಲಿ ಇಂಥವು ಅನೇಕ. ಆಗ ಜನರು ಮರವನ್ನು ದೂರಿ ಉಳಿದವನ್ನೂ ಕಡಿಯಿರೆನ್ನುವರು. ತಂತಿಯ ಕೆಳಗೆ ಗಿಡ್ಡ ಜಾತಿಯ ಮರಗಳನ್ನು ಆರಿಸಿ, ಮೊದಲ ಐದಾರು ವರ್ಷ ಒಂದೇ ಕಾಂಡವನ್ನು ಕಾಪಾಡಿ, ಬೆರಳುಗಾತ್ರದ ರೆಂಬೆಗಳನ್ನೇ ಸವರುತ್ತ ಬಂದಿದ್ದರೆ, ಆ ಕೊಡಲಿಯ ಪ್ರಸಂಗವೇ ಬರುತ್ತಿರಲಿಲ್ಲ.

ಆದ್ದರಿಂದ ಎಳೆಯ ಗಿಡದ ಮುಂದೆ ಕತ್ತರಿ ಹಿಡಿದು ನಿಲ್ಲುವವರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಮರದಿಂದ ನಮಗೆ ಬೇಕಾದುದು ಹಣ್ಣೋ, ನೆರಳೋ, ಕಟ್ಟಿಗೆಯೋ, ಬರಿಯ ಚೆಲುವೋ? ಇದು ಹೂ ಬಿಡುವುದು ಹಳೆಯ ರೆಂಬೆಯಲ್ಲೋ ಹೊಸತರಲ್ಲೋ? ಕತ್ತರಿಸಿದ ಕೆಳಗೆ ಏಳಬಲ್ಲ ಮೊಗ್ಗು ಇದೆಯೋ ಇಲ್ಲವೋ? ಈ ರೆಂಬೆಯನ್ನು ಇಂದು ತೆಗೆಯದಿದ್ದರೆ ಹತ್ತು ವರ್ಷದ ಮೇಲೆ ಕೊಡಲಿಯಿಂದ ತೆಗೆಯಬೇಕಾದೀತೇ? ಉತ್ತರವು ತೋಚದಿದ್ದಾಗ ಕತ್ತರಿಯನ್ನು ಕೆಳಗಿಟ್ಟು, ಒಂದು ಋತು ಗಿಡವನ್ನು ನೋಡುತ್ತಿರುವುದೇ ಲೇಸು. ಕತ್ತರಿಸಿದ ಕೊಂಬೆಯನ್ನು ಮತ್ತೆ ಅಂಟಿಸಲು ಬಾರದು.

ಬರುವ ಡಿಸೆಂಬರಿನಲ್ಲಿ ಅಂಗಡಿಯ ಮುಂದಿನ ಆ ಪುಟ್ಟ ಗೋಪುರಗಳನ್ನು ಕಂಡಾಗ, ಪಶ್ಚಿಮದ ಬೆಟ್ಟಗಳಲ್ಲಿ ಇಂಥದೊಂದು ಮರಕ್ಕಾಗಿ ಎಂಟು ವರ್ಷ ಕತ್ತಿ ಹಿಡಿದು ನಡೆದವನನ್ನು ಶ್ರೋತೃಗಳು ನೆನೆಯಲಿ. ಅವನ ಮರವು ಕೆಲವು ವಾರ ಮನೆಯಲ್ಲಿದ್ದು ಮುಗಿದುಹೋಗುವುದು. ಬೈಲಹೊಂಗಲದ ಬದುವಿನ ಜಾಲಿಗೂ ಸವದತ್ತಿಯ ದಾರಿಯ ಬೇವಿಗೂ ನಾವು ಎಳವೆಯಲ್ಲಿ ಅದರ ಅರ್ಧದಷ್ಟು ಗಮನವನ್ನು ಕೊಟ್ಟರೆ, ಅವು ನಮ್ಮ ಮಕ್ಕಳ ಕಾಲದಲ್ಲಿಯೂ ನಿಂತಿರುವುವು.